ಬೋಲ್ಟ್ ಬಿಡ್ತಿಲ್ವಾ? ಪೈಪ್ ಕೆಳಗಿಡಿ, ಒಂದು ರಾತ್ರಿ ಕಾಯಿರಿ

ಬಸ್ಸಿನ ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಮನೆ ಮುಂದೆ ಗಾಡಿ ನಿಲ್ಲಿಸಿ ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡೇ ಕೇಳ್ತಿರೋರಿಗೂ ಸ್ವಾಗತ. ಎರಡನೇ ಗುಂಪಿನವರಿಗೆ ಮೊದಲೇ ಒಂದು ಮಾತು. ಬೋಲ್ಟ್ ಅಲ್ಲಾಡ್ತಿಲ್ಲ ಅಂತ ಆ ಸ್ಪ್ಯಾನರ್ ಮೇಲೆ ಕಾಲಿಟ್ಟು ನಿಂತಿದ್ರೆ, ದಯವಿಟ್ಟು ಇಳೀರಿ. ಇದನ್ನ ಪೂರ್ತಿ ಕೇಳಿ, ಆಮೇಲೆ ಮುಂದುವರಿಸಿ.

ಈಗ ಎಲ್ಲಾ ಆನ್‌ಲೈನಲ್ಲೇ ಸಿಗುತ್ತೆ. ಲೆಗ್ ಗಾರ್ಡ್, ಹಿಂದಿನ ಕ್ಯಾರಿಯರ್, ಸೀರೆ ಗಾರ್ಡ್, ಮೊಬೈಲ್ ಹೋಲ್ಡರ್, ಫಾಗ್ ಲೈಟು. ಡಬ್ಬ ಮನೆಗೆ ಬರುತ್ತೆ, ಫೋನಲ್ಲಿ ಐದು ನಿಮಿಷದ ವಿಡಿಯೋ ಇರುತ್ತೆ. ವಿಡಿಯೋದಲ್ಲಿ ಬೋಲ್ಟು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ. ಯಾಕಂದ್ರೆ ಅದು ಹೊಸ ಗಾಡಿ. ನಮ್ಮ ಗಾಡಿ ಹಾಗಿಲ್ವಲ್ಲ.

ನಮ್ಮೂರು ಹೆಮ್ಮಿಗೆ. ಟಿ. ನರಸೀಪುರದ ಕಡೆ, ಕಾವೇರಿ ಬಯಲು, ತಲಕಾಡಿನ ನೆರೆ. ಇಲ್ಲಿ ಬೈಕು ಅಂದ್ರೆ ಬರೀ ಓಡಾಡೋಕೆ ಇರೋದಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಗದ್ದೆಗೆ ಗೊಬ್ಬರದ ಮೂಟೆ, ಸಾಯಂಕಾಲ ಹಸುವಿಗೆ ಹುಲ್ಲಿನ ಹೊರೆ. ನಾಲೆ ಏರಿ ಮೇಲಿನ ಕೆಸರು, ತೂಬಿನ ಹತ್ರ ನಿಂತ ನೀರು, ಹೊಳೆ ಕಡೆ ಹೋದ್ರೆ ಮರಳು. ಇಷ್ಟನ್ನೂ ಕುಡಿದ ಗಾಡೀಲಿ ಎಂಟು ವರ್ಷದಿಂದ ಯಾರೂ ಮುಟ್ಟದ ಬೋಲ್ಟ್ ಒಂದಿದ್ರೆ, ಅದು ಬರಲ್ಲ. ಬರದೇ ಇರೋದಕ್ಕೆ ಕಾರಣ ಇದೆ. ಆ ಕಾರಣ ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಬೋಲ್ಟ್ ಯಾಕೆ ಹಿಡ್ಕೊಳ್ಳುತ್ತೆ?

ಮೊದಲನೇ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತೆ. ಬೋಲ್ಟಿನ ಮರೆಗೂ ನಟ್ಟಿನ ಮರೆಗೂ ನಡುವೆ ಇರೋದು ಕೂದಲೆಳೆಯಷ್ಟು ಸಂದು. ಅದರೊಳಗೆ ತುಕ್ಕು ಊದಿಕೊಂಡ್ರೆ, ಒಳಗಿನಿಂದ ಬೆಣೆ ಹೊಡೆದ ಹಾಗೆ ಆಗುತ್ತೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರ್ಕೊಳ್ಳುತ್ತೆ, ರಸಗೊಬ್ಬರ. ಪೊಟ್ಯಾಷ್ ಗೊಬ್ಬರ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಥರದ ಉಪ್ಪೇ. ಮೂಟೆಯಿಂದ ಸೋರಿದ ಪುಡಿ ಕ್ಯಾರಿಯರ್ ಕೆಳಗೆ ಕೂತು, ಮಳೆ ನೀರು ಬಿದ್ರೆ ತುಕ್ಕಿನ ಓಟ ಜೋರಾಗುತ್ತೆ. ಹಾಗಾಗಿ ಗೊಬ್ಬರ ಹೊತ್ತ ದಿನ ಗಾಡಿ ಹಿಂಭಾಗಕ್ಕೆ ಒಂದು ಬಕೆಟ್ ನೀರು ಹುಯ್ದು ಒರೆಸಿ.

ಎರಡನೇದು, ಜಾತಿ ಬೇರೆ ಬೇರೆ ಲೋಹ. ಎಂಜಿನ್ನಿನ ಹೊರ ಕವಚ ಅಲ್ಯೂಮಿನಿಯಂ, ಅದಕ್ಕೆ ಹಾಕಿರೋ ಬೋಲ್ಟ್ ಉಕ್ಕು. ಎರಡರ ಮಧ್ಯೆ ನೀರು ಸೇರಿದ್ರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆಯುತ್ತೆ, ಬಿಳಿ ಪುಡಿ ಕಟ್ಟುತ್ತೆ. ಆ ಪುಡಿನೇ ಬೋಲ್ಟನ್ನ ಕಚ್ಚಿ ಹಿಡಿಯೋದು.

ಮೂರನೇದು, ಕಂಪನಿಯವರೇ ಹಾಕಿರೋ ಅಂಟು. ಹ್ಯಾಂಡಲ್ ತುದಿಯ ತೂಕದ ಸ್ಕ್ರೂ, ಡಿಸ್ಕ್ ಬೋಲ್ಟ್ ಇಂಥ ಕಡೆ ಅಲ್ಲಾಡಿ ಬಿಚ್ಚಿಕೊಳ್ಳದಿರಲಿ ಅಂತ ಥ್ರೆಡ್ ಲಾಕ್ ಹಾಕಿರ್ತಾರೆ. ನಾಲ್ಕನೇದು ಮನುಷ್ಯರದ್ದು: ಹಿಂದೆ ಯಾರೋ ಅತಿಯಾಗಿ ಬಿಗಿದಿರೋದು.

ಐದು ಕೆಜಿಯ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ, ಗಾಬರಿ ಬೀಳಬೇಡಿ. ಗಾಡೀಲಿ ತುಂಬಾ ಕಡೆ ಕಾಣೋದು 6 ಎಂಎಂ ದಪ್ಪದ ಬೋಲ್ಟು. ತಲೆಗೆ 8 ಅಥವಾ 10ನೇ ನಂಬರ್ ಸ್ಪ್ಯಾನರ್ ಕೂರುತ್ತೆ. ಇದನ್ನ ಬಿಗಿಯೋಕೆ ಬೇಕಾಗೋದು ಸುಮಾರು 10 ನ್ಯೂಟನ್ ಮೀಟರ್ ತಿರುಚು ಬಲ. ಅಂದ್ರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಐದು ಕೆಜಿ ತೂಕ ನೇತು ಹಾಕಿದಷ್ಟು. ಅಷ್ಟೇ! ಅದೇ ಸ್ಪ್ಯಾನರ್‌ಗೆ ಪೈಪ್ ಸಿಗಿಸಿ 60 ಸೆಂಟಿಮೀಟರ್ ಉದ್ದ ಮಾಡಿದ್ರೆ, ಎರಡು ಕೆಜಿಗಿಂತ ಕಮ್ಮಿ ತೂಕ ಸಾಕು. ಆ ಪೈಪಿನ ಮೇಲೆ 60 ಕೆಜಿ ಹುಡುಗ ಕಾಲಿಟ್ಟು ನಿಂತ್ರೆ? ಬೋಲ್ಟಿಗೆ ಬೇಕಿದ್ದದಕ್ಕಿಂತ ಮೂವತ್ತು ಪಟ್ಟಿಗೂ ಮೇಲೆ. ತುಕ್ಕು ಬಿಡೋಕೆ ಮುಂಚೆ ಬೋಲ್ಟಿನ ಕತ್ತೇ ಮುರಿಯುತ್ತೆ.

ಹೀಗಾದದ್ದು ನಾನು ಕಣ್ಣಾರೆ ಕಂಡಿದ್ದೀನಿ. ನಮ್ಮ ಪಕ್ಕದ ಬೀದಿ ಹುಡುಗ ಒಬ್ಬ ಲೆಗ್ ಗಾರ್ಡ್ ಹಾಕೋಕೆ ಹೋಗಿ ಎಂಜಿನ್ ಹಿಡಿದಿರೋ ಬೋಲ್ಟ್‌ಗೆ ಪೈಪ್ ಹಾಕಿದ. ಟಪ್ ಅಂತ ಸದ್ದು. ತಲೆ ಕೈಗೆ ಬಂತು, ಮಿಕ್ಕಿದ್ದು ಒಳಗೇ ಉಳೀತು. ಬೋಲ್ಟ್ ಮುರಿದದ್ದು ಹೋಗಲಿ ಅನ್ನಬಹುದು. ಆಮೇಲೆ ಅವನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಲೆಗ್ ಗಾರ್ಡನ್ನ ಕಟ್ಟುವ ಕಂಬಿಯಲ್ಲಿ ಬಿಗಿದು ಒಂದು ವಾರ ಓಡಿಸಿದ. ಕಬ್ಬಿಣದ ಗಾರ್ಡು ಓಡ್ತಾ ಓಡ್ತಾ ಜಾರಿ ಮುಂದಿನ ಚಕ್ರಕ್ಕೆ ಸಿಕ್ಕಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಎಂಜಿನ್ ಹಿಡಿದಿರೋ ಒಂದು ಬೋಲ್ಟು ಇಲ್ಲದೆ ಗಾಡಿ ಓಡಿಸೋದೂ ಆಟ ಅಲ್ಲ.

ಸೀರೆ ಗಾರ್ಡು ಮತ್ತು ಒಂದು ಶನಿವಾರ

ನಾನು ಈ ವಿಷಯದ ಮೇಲೆ ಇಷ್ಟು ಮಾತಾಡೋಕೆ ಕಾರಣ ಸೀರೆ ಗಾರ್ಡು. ನಾವು ತಗೊಂಡ ಸೆಕೆಂಡ್ ಹ್ಯಾಂಡ್ ಗಾಡೀಲಿ ಅದು ಇರಲಿಲ್ಲ. ಹಳೇ ಓನರ್ ಸ್ಟೈಲ್‌ಗೆ ಅಂತ ಬಿಚ್ಚಿ ಬಿಸಾಕಿದ್ದ. ನಮ್ಮವ್ವ ಹಿಂದೆ ಒಂದೇ ಕಡೆ ಕಾಲು ಹಾಕ್ಕೊಂಡು ಕೂರೋದು. ಸೆರಗೋ ವೇಲೋ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿದ್ರೆ ಕೂತವರನ್ನ ಎಳೆದು ಕೆಡವುತ್ತೆ. ಅದಕ್ಕೇ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದೆ ಕೂರುವವರಿಗೆ ಕೈಹಿಡಿಕೆ, ಕಾಲು ಇಡೋ ಜಾಗ, ಮತ್ತೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಮುಚ್ಚೋ ರಕ್ಷಣೆ ಇರಲೇಬೇಕು ಅನ್ನುತ್ತೆ. ಸೀರೆ ಗಾರ್ಡು ಅಲಂಕಾರದ ವಸ್ತು ಅಲ್ಲ, ಕಾನೂನು ಕೇಳೋ ವಸ್ತು.

ಹೊಸ ಗಾರ್ಡು ತಂದ್ವಿ. ಮೇಲಿನ ನಟ್ಟು ಸಲೀಸಾಗಿ ಬಂತು. ಕೆಳಗಡೆ ಫುಟ್‌ರೆಸ್ಟ್ ಬ್ರಾಕೆಟ್ಟಿನ 8 ಎಂಎಂ ಬೋಲ್ಟು, ಸ್ಪ್ಯಾನರ್ 12, ಕೆಂಪಗೆ ತುಕ್ಕಾಗಿ ಕಲ್ಲಾಗಿತ್ತು. ದೊಡ್ಡಪ್ಪನ ಮಗ, ನನಗಿಂತ ದೊಡ್ಡವನು, ನಿಂತು ನೋಡ್ತಿದ್ದ. "ಲೋ, ಪಂಪ್‌ಸೆಟ್ ಪೈಪ್ ತುಂಡು ಬಿದ್ದದೆ, ತರ್ಲಾ? ಒಂದೇ ಏಟ್ಗೆ ಬತ್ತದೆ" ಅಂದ. ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದ ನಮ್ಮವ್ವ ತಲೆ ಎತ್ತದೇನೇ, "ಇವತ್ತೇ ಆಗ್ಬೇಕು ಅಂತ ಯಾರ್ ಕುಂತವ್ರೆ? ನಾಳೀಕ್ ಮಾಡಿ" ಅಂದ್ರು. ಅವ್ವ ಅಂದದ್ದೇ ಈ ಕೆಲಸದ ಪಾಠ. ಶನಿವಾರ ಸಂಜೆ ಎಣ್ಣೆ ಬಿಟ್ಟು, ತಟ್ಟಿ, ಮಲಗಿದ್ವಿ. ಭಾನುವಾರ ಬೆಳಿಗ್ಗೆ ಮತ್ತೆ ಎಣ್ಣೆ, ಮತ್ತೆ ತಟ್ಟೋದು. ಕಾಫಿ ಕುಡಿದು ಬಂದು ಹಿಡಿದ್ರೆ, ಕಿರ್ ಅಂತ ಸದ್ದು ಮಾಡಿ ಕಾಲು ಸುತ್ತು ತಿರುಗ್ತು. ಆ ಸದ್ದು ಕೇಳಿದ ಸಂತೋಷ ಇದೆಯಲ್ಲ, ಅದು ಸ್ಪ್ಯಾನರ್ ಹಿಡಿದೋರಿಗೇ ಗೊತ್ತು.

ಹಂತ ಹಂತವಾಗಿ ಹೀಗೆ ಮಾಡಿ

ಒಂದು, ಗಾಡೀನ ಸಮ ನೆಲದ ಮೇಲೆ ಮೈನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡಲ್ಲಿ ಜೋರಾಗಿ ಎಳೆದ್ರೆ ಗಾಡಿ ನಿಮ್ಮ ಮೇಲೇ ಬರುತ್ತೆ. ಎಂಜಿನ್ ಹಿಡಿದಿರೋ ಬೋಲ್ಟ್‌ಗಳನ್ನ, ಶಾಕ್ ಅಬ್ಸಾರ್ಬರ್ ನಟ್‌ಗಳನ್ನ ಒಂದು ಸಲಕ್ಕೆ ಒಂದೇ ಬಿಚ್ಚಿ. ಅದನ್ನ ಹಾಕಿದ ಮೇಲೇನೇ ಮುಂದಿನದ್ದು.

ಎರಡು, ತಿರುಗಿಸೋ ದಿಕ್ಕು. ಬೋಲ್ಟಿನ ತಲೆ ನಿಮ್ಮ ಕಡೆ ನೋಡ್ತಿರಬೇಕು, ಆಗ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದ್ರೆ ಸಡಿಲ. ಗಾಡಿ ಕೆಳಗೆ ತಲೆ ಬಗ್ಗಿಸಿ ನೋಡುವಾಗ ಇದು ಉಲ್ಟಾ ಅನ್ನಿಸುತ್ತೆ, ಎಷ್ಟೋ ಜನ ಬಿಚ್ತಾ ಇದ್ದೀವಿ ಅಂದ್ಕೊಂಡು ಬಿಗೀತಾನೇ ಇರ್ತಾರೆ. ಇನ್ನೊಂದು ವಿಶೇಷ ಇದೆ. ಮೊಬೈಲ್ ಹೋಲ್ಡರನ್ನ ಕನ್ನಡಿ ಕಂಬಕ್ಕೆ ಹಾಕೋರು ಗಮನ ಕೊಡಿ. ಯಮಹಾ ಬೈಕುಗಳಲ್ಲಿ ಬಲಗಡೆ ಕನ್ನಡಿಗೆ ಎಡ ಮರೆ ಇರುತ್ತೆ, ಅಂದ್ರೆ ಉಲ್ಟಾ ತಿರುಗಿಸಿದ್ರೆ ಬಿಚ್ಚುತ್ತೆ. ಎದುರಿಂದ ಏನಾದ್ರೂ ತಗುಲಿ ಬಲಗಡೆ ಕನ್ನಡಿ ಹಿಂದಕ್ಕೆ ಹೋದ್ರೆ, ಮಾಮೂಲಿ ಮರೆ ಇನ್ನೂ ಬಿಗಿಯಾಗುತ್ತೆ, ಎಡ ಮರೆಯಾದ್ರೆ ಸಡಿಲವಾಗಿ ತಿರುಗುತ್ತೆ. ಸೈಕಲ್ಲಿನ ಎಡ ಪೆಡಲ್‌ಗೂ ಇದೇ ಥರ ಉಲ್ಟಾ ಮರೆ. ಹಾಗಾಗಿ "ಇದು ಹಿಡ್ಕೊಂಡಿದೆ" ಅನ್ನೋ ಮುಂಚೆ ದಿಕ್ಕು ಸರಿ ಇದೆಯಾ ನೋಡಿ.

ಮೂರು, ಸರಿಯಾದ ಹತಾರ. ಸ್ಕ್ರೂ ಸ್ಪ್ಯಾನರ್ ಮತ್ತೆ ಕಟಿಂಗ್ ಪ್ಲೇಯರ್ ಮನೇಲಿ ಬೇರೆ ಕೆಲಸಕ್ಕೆ ಇರಲಿ, ಹಿಡಿದಿರೋ ಬೋಲ್ಟಿನ ಹತ್ರ ತರಬೇಡಿ. ಮೂಲೆ ಸವೆಸೋದು ಅವೇ. ಬಾಯಿ ತೆರೆದ ಫಿಕ್ಸ್ ಸ್ಪ್ಯಾನರ್ ಎರಡು ಮೂಲೆ ಮೇಲೆ ಮಾತ್ರ ಬಲ ಹಾಕುತ್ತೆ. ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತೆ. ಎಲ್ಲಕ್ಕಿಂತ ಒಳ್ಳೇದು ಒಳಗೆ ಆರೇ ಮೂಲೆ ಇರೋ ಸಾಕೆಟ್ಟು, ಅದು ಮೂಲೆ ಬಿಟ್ಟು ಚಪ್ಪಟೆ ಬದಿಯನ್ನ ಹಿಡಿಯುತ್ತೆ. ಸ್ಟಾರ್ ಸ್ಕ್ರೂಗಳಲ್ಲೂ ಇದೇ ಗಮನ ಬೇಕು. ಜಪಾನ್ ವಿನ್ಯಾಸದ ಗಾಡಿಗಳ ಸ್ಟಾರ್ ಸ್ಕ್ರೂಗೂ ನಮ್ಮ ಮನೆಯ ಮಾಮೂಲಿ ಸ್ಟಾರ್ ಡ್ರೈವರ್‌ಗೂ ಆಕಾರದಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಅದಕ್ಕೇ ಜಾರಿ ತಲೆ ಗುಂಡಾಗೋದು. ಜೆಐಎಸ್ ಬಿಟ್ ಅಂತ ಕೇಳಿ ತಗೊಳ್ಳಿ. ಸುತ್ತಿಗೆ ಏಟನ್ನ ತಿರುಗುವ ಬಲವಾಗಿ ಬದಲಿಸೋ ಇಂಪ್ಯಾಕ್ಟ್ ಡ್ರೈವರ್ ಇಂಥ ಸ್ಕ್ರೂಗೆ ರಾಮಬಾಣ.

ನಾಲ್ಕು, ಮೊದಲು ಒಣ ಬ್ರಷ್. ತಂತಿ ಬ್ರಷ್ಷಲ್ಲಿ ಕೆಸರು, ತುಕ್ಕು ಉಜ್ಜಿ ತೆಗೀರಿ. ಕೆಸರಿನ ಮೇಲೆ ಎಣ್ಣೆ ಬಿಟ್ರೆ ಅದು ಕೆಸರಿಗೇ ಹೋಗುತ್ತೆ.

ಐದು, ಎಣ್ಣೆ ಮತ್ತು ಕಾಯೋದು. ತುಕ್ಕು ಬಿಡಿಸೋ ಸ್ಪ್ರೇ ಯಾವುದಾದ್ರೂ ಆಗುತ್ತೆ. ಎಲ್ಲರಿಗೂ ಗೊತ್ತಿರೋ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ನೀರನ್ನ ದೂರ ಇಡೋ ದ್ರವವಾಗಿ. ನಲವತ್ತನೇ ಪ್ರಯತ್ನಕ್ಕೆ ಕೈಗೂಡಿತು ಅಂತಲೇ ಆ ಹೆಸರು. ಸ್ಪ್ರೇ ಇಲ್ಲ ಅಂದ್ರೆ ಡೀಸೆಲ್ ಆದೀತು. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ದಪ್ಪ, ಸಂದಿಗೆ ಇಳಿಯಲ್ಲ. ಬ್ರೇಕ್ ಡಿಸ್ಕ್, ಡ್ರಮ್, ಟೈರ್ ಮೇಲೆ ಒಂದು ಹನೀನೂ ಬೀಳಬಾರದು, ಬಟ್ಟೆ ಅಡ್ಡ ಹಿಡಿಯಿರಿ. ಬಿಟ್ಟ ಮೇಲೆ ಬೋಲ್ಟಿನ ತಲೆ ಮೇಲೆ ಸಣ್ಣ ಸುತ್ತಿಗೆಯಲ್ಲಿ ಹತ್ತಾರು ಸಲ ತಟ್ಟಿ, ಜೋರಾಗಿ ಬೇಡ. ಆ ಅದುರಿಗೆ ತುಕ್ಕಿನ ಪದರ ಬಿರುಕು ಬಿಡುತ್ತೆ, ಎಣ್ಣೆ ಒಳಗೆ ಹೋಗುತ್ತೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಇದನ್ನೇ ಮಾಡಿ. ಹಳೇ ತುಕ್ಕಾದ್ರೆ ರಾತ್ರಿಯಿಡೀ ಬಿಡಿ.

ಆರು, ಮೊದಲು ಚೂರು ಬಿಗೀರಿ. ವಿಚಿತ್ರ ಅನ್ನಿಸಬಹುದು. ಬಿಚ್ಚೋ ಮುಂಚೆ ಬಿಗಿಯೋ ಕಡೆಗೆ ಒಂದು ಎಳೆ ಒತ್ತಡ ಕೊಟ್ರೆ ತುಕ್ಕಿನ ಹಿಡಿತ ಒಡೆಯುತ್ತೆ. ಆಮೇಲೆ ಬಿಚ್ಚಿ. ಕಾಲು ಸುತ್ತು ಬಂತಾ? ಖುಷಿಗೆ ಪೂರ್ತಿ ಎಳೀಬೇಡಿ. ಅರ್ಧ ಹಿಂದಕ್ಕೆ, ಒಂದು ಹನಿ ಎಣ್ಣೆ, ಮತ್ತೆ ಮುಂದಕ್ಕೆ. ತುಕ್ಕಿನ ಪುಡಿ ಹೊರಗೆ ಬರೋಕೆ ದಾರಿ ಬೇಕು.

ಏಳು, ಬಿಸಿ. ಅಲ್ಯೂಮಿನಿಯಂ ಒಳಗೆ ಕೂತ ಉಕ್ಕಿನ ಬೋಲ್ಟಿಗೆ ಅಡುಗೆಮನೆಯ ಕುದಿಯೋ ನೀರೇ ಔಷಧಿ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ರ ಹತ್ರ ಎರಡು ಪಟ್ಟು ಹಿಗ್ಗುತ್ತೆ, ಹಾಗಾಗಿ ತೂತು ಒಂದಿಷ್ಟು ಸಡಿಲ ಆಗುತ್ತೆ. ವೈರು, ಸ್ವಿಚ್ಚು ಇರೋ ಕಡೆ ನೀರು ಹುಯ್ಯಬೇಡಿ, ಕೈ ಕಾಲು ಜೋಪಾನ. ಥ್ರೆಡ್ ಲಾಕ್ ಹಾಕಿರೋ ಸ್ಕ್ರೂ ಆದ್ರೆ ವೈರಿಂಗ್ ಕೆಲಸದ ಸೋಲ್ಡರಿಂಗ್ ಐರನ್ ತುದೀನ ತಲೆ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯಿರಿ, ಅಂಟು ಮೆತ್ತಗಾಗುತ್ತೆ. ಬೆಂಕಿಯನ್ನ ಮಾತ್ರ ಮನೇಲಿ ಮುಟ್ಟಬೇಡಿ. ಪೆಟ್ರೋಲ್ ಟ್ಯಾಂಕು ಒಂದಡಿ ದೂರದಲ್ಲಿರುತ್ತೆ, ಈಗಷ್ಟೇ ಹೊಡೆದ ಸ್ಪ್ರೇನೂ ಹೊತ್ತಿಕೊಳ್ಳೋದೇ.

ಎಲ್ಲಿ ನಿಲ್ಲಿಸಬೇಕು?

ಇದು ಎಲ್ಲಕ್ಕಿಂತ ಮುಖ್ಯ. ಸ್ಪ್ಯಾನರ್ ತಿರುಗ್ತಿದೆ, ಆದ್ರೆ ಮೆತ್ತಗೆ ರಬ್ಬರ್ ಹಾಗೆ ಬಗ್ತಾ ಇದೆ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ. ಆಗ ತಿರುಗ್ತಿರೋದು ಮರೆ ಅಲ್ಲ, ಬೋಲ್ಟೇ ತಿರುಚಿಕೊಳ್ತಿದೆ. ತಲೆಯ ಮೂಲೆ ಸ್ವಲ್ಪ ಗುಂಡಾದ್ರೂ ಸಾಕು, ಅದೇ ಸ್ಪ್ಯಾನರಲ್ಲಿ ಮತ್ತೆ ಹಟ ಮಾಡಬೇಡಿ. ವೈಸ್ ಗ್ರಿಪ್ ಪ್ಲೇಯರಲ್ಲಿ ಬಿಗಿಯಾಗಿ ಕಚ್ಚಿಸಿ ಒಂದು ಸಲ ನೋಡಿ, ಬರದಿದ್ರೆ ಅಲ್ಲಿಗೆ ಬಿಡಿ.

ಬ್ರೇಕ್ ಕ್ಯಾಲಿಪರ್, ಚಕ್ರದ ಆಕ್ಸೆಲ್, ಹ್ಯಾಂಡಲ್ ಕೆಳಗಿನ ಬೋಲ್ಟು, ಇವು ಹಿಡ್ಕೊಂಡಿದ್ರೆ ಮೊದಲೇ ಮೆಕ್ಯಾನಿಕ್ ಹತ್ರ ಹೋಗಿ. ಮುರಿದು ಒಳಗೆ ಉಳಿದದ್ದಿದ್ರೆ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ ಇದೆ. ಉಳಿದ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿದ್ರೆ, ಆ ಬಿಸಿಗೇ ತುಕ್ಕು ಬಿಟ್ಟು ತುಂಡು ಹೊರಗೆ ಬರುತ್ತೆ. ಒಂದು ಎಚ್ಚರಿಕೆ: 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್ ಜಾಸ್ತಿ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ, ಅಂಗಡಿಯವರು ಮರೆತ್ರೆ ನೀವೇ ನೆನಪಿಸಿ. ಮೆಕ್ಯಾನಿಕ್ ಅಣ್ಣನ ಹತ್ರ ಹೋಗೋದು ಸೋಲಲ್ಲ. ಬೋಲ್ಟ್ ಇಡಿಯಾಗಿದ್ದಾಗ ಹೋದ್ರೆ ಹತ್ತು ನಿಮಿಷದ ಕೆಲಸ, ಮುರಿದ ಮೇಲೆ ಹೋದ್ರೆ ಅರ್ಧ ದಿನದ್ದು.

ಮೈಸೂರಿನ ಹಳೇ ಗಾಡಿಗಳು ಹೇಳೋದು

ನಮ್ಮ ಜಿಲ್ಲೆಗೂ ಬೈಕಿಗೂ ಹಳೇ ನಂಟು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ದಿ ಗಾಡಿಗಳನ್ನ ಮಾಡಿ 1996ರಲ್ಲಿ ಬಾಗಿಲು ಹಾಕ್ತು. ಈಗ ಮೈಸೂರು–ನಂಜನಗೂಡು ರಸ್ತೆಯ ಕಡಕೊಳದ ಹತ್ರ ಟಿವಿಎಸ್ ಕಾರ್ಖಾನೆ ಇದೆ. ಯಾದವಗಿರಿಯ ಗಾಡಿಗಳು ಇವತ್ತಿಗೂ ಓಡ್ತಿವೆ. ಕಾರ್ಖಾನೆ ಮುಚ್ಚಿದ ಮೇಲೂ ಅವು ಉಳಿದದ್ದು ಯಾಕೆ ಅಂದ್ರೆ, ಇಟ್ಕೊಂಡವರು ಅದರ ಒಂದೊಂದು ಬೋಲ್ಟನ್ನೂ ಮುರಿಯದೆ ಬಿಚ್ಚಿ, ತೊಳೆದು, ಎಣ್ಣೆ ಸವರಿ, ಮತ್ತೆ ಅಲ್ಲೇ ಹಾಕಿದ್ರು. ಅವಸರದ ಕೈಗೆ ಸಿಕ್ಕಿದ್ದ ಗಾಡಿ ಆಗಲೇ ಗುಜರಿಗೆ ಹೋಯ್ತು.

ಮತ್ತೆ ಹಾಕುವಾಗ

ಬಿಚ್ಚಿದ್ದು ಅರ್ಧ ಕೆಲಸ. ಹಾಕೋ ಮುಂಚೆ ಮರೆಯನ್ನ ಬ್ರಷ್ಷಲ್ಲಿ ಉಜ್ಜಿ. ಮೂಲೆ ಸವೆದ, ಮರೆ ತಿಂದ ಬೋಲ್ಟನ್ನ ಮತ್ತೆ ಹಾಕಬೇಡಿ. ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದೇ ದಪ್ಪ, ಅದೇ ಉದ್ದ, ಅದೇ ಮರೆ, ತಲೆ ಮೇಲೆ ಅದೇ ನಂಬರ್ ಇರೋದನ್ನ ತನ್ನಿ. 8.8 ಅಂತ ಬರೆದಿರೋ ಜಾಗಕ್ಕೆ ನಂಬರೇ ಇಲ್ಲದ ಅಗ್ಗದ ಬೋಲ್ಟ್ ಹಾಕಬಾರದು. ಮರೆಗೆ ತೆಳ್ಳಗೆ ಗ್ರೀಸ್ ಸವರಿ, ಬ್ರೇಕ್ ಬೋಲ್ಟ್ ಬಿಟ್ಟು. ಗ್ರೀಸ್ ಹಾಕಿದ ಬೋಲ್ಟು ಸಲೀಸಾಗಿ ತಿರುಗುತ್ತೆ ಅಂತ ಅತಿಯಾಗಿ ಬಿಗೀಬೇಡಿ, ಐದು ಕೆಜಿ ಲೆಕ್ಕ ನೆನಪಿರಲಿ.

ಶುರು ಮಾಡುವಾಗ ಸ್ಪ್ಯಾನರ್ ಬೇಡ, ಬೆರಳಲ್ಲಿ. ಮೊದಲು ಉಲ್ಟಾ ತಿರುಗಿಸಿ, ಟಿಕ್ ಅಂತ ಮರೆ ಕೂತ ಹಾಗೆ ಅನ್ನಿಸುತ್ತೆ, ಆಮೇಲೆ ಸರಿ ದಿಕ್ಕಿಗೆ. ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು, ಹೋಗದಿದ್ರೆ ಮರೆ ಅಡ್ಡ ಬಿದ್ದಿದೆ, ತೆಗೆದು ಮತ್ತೆ ಹಾಕಿ. ಎಲ್ಲಾ ಬೋಲ್ಟನ್ನ ಬೆರಳಲ್ಲಿ ಹಾಕಿಟ್ಟು, ಕೊನೇಲಿ ಒಂದೊಂದಾಗಿ ಬಿಗೀರಿ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನೋಡಿ.

ಮುಗಿಸೋ ಮುಂಚೆ ಒಂದು ಮನೆಗೆಲಸ ಕೊಡ್ತೀನಿ. ನೀವು ಯಾವ ಆಕ್ಸೆಸರಿನೂ ತಗೊಂಡಿಲ್ಲದಿದ್ರೂ ಪರವಾಗಿಲ್ಲ. ಮಳೆಗಾಲ ಶುರುವಾಗೋ ಮುಂಚೆ ಒಂದು ಭಾನುವಾರ, ಸೀರೆ ಗಾರ್ಡ್, ಫುಟ್‌ರೆಸ್ಟ್, ನಂಬರ್ ಪ್ಲೇಟ್, ಕನ್ನಡಿ, ಇವುಗಳ ಬೋಲ್ಟನ್ನ ಒಂದೊಂದಾಗಿ ಬಿಚ್ಚಿ, ಒರೆಸಿ, ಗ್ರೀಸ್ ಸವರಿ ಹಾಕಿಡಿ. ಒಂದು ಗಂಟೆ ಹಿಡಿಯುತ್ತೆ. ಮೂರು ವರ್ಷ ಆದ ಮೇಲೆ ಯಾವತ್ತಾದ್ರೂ ರಸ್ತೆ ಬದಿ ನಿಂತು ಅದೇ ಬೋಲ್ಟ್ ಬಿಚ್ಚಬೇಕಾಗಿ ಬಂದಾಗ, ಅದು ಬೆರಳಲ್ಲೇ ಬರುತ್ತೆ. ಮುಂದಿನ ವಾರ ಸಿಗೋಣ. ಹೆಲ್ಮೆಟ್ ಹಾಕ್ಕೊಳ್ಳಿ, ಹಿಂದೆ ಕೂತವರಿಗೂ ಹಾಕಿಸಿ. ನಮಸ್ಕಾರ.